ಇಪ್ಪತ್ತರಲ್ಲಿ ಎಷ್ಟು ಓದಬೇಕು?

ಪ್ರಶ್ನೆ: ನನ್ನ ಅಕ್ಕ ಅಮೀಲಿಯಾ ಪೀಬಾಡಿ ಸರಣಿಯ ಇಪ್ಪತ್ತು ಕಾದಂಬರಿಗಳನ್ನೂ ಓದಿ ಮುಗಿಸಿದ್ದಾಳೆ, ಕೆಲವನ್ನು ಎರಡೆರಡು ಸಲ. ಅವಳ ಗೆಳತಿ ಮಾತ್ರ ‘ನಾಲ್ಕಕ್ಕೇ ನಿಲ್ಲಿಸು’ ಎನ್ನುತ್ತಾರೆ. ನಾನು ಎರಡು ಓದಿದೆ; ಎರಡನೆಯದರಲ್ಲಿ ಕೊಲೆಗಾರ ಯಾರೆಂದು ಮೊದಲೇ ಊಹಿಸಿಬಿಟ್ಟೆ. ಒಂದೇ ಸರಣಿಯ ಬಗ್ಗೆ ಓದಿದವರು ಇಷ್ಟು ಬೇರೆ ಬೇರೆ ಮಾತಾಡುವುದೇಕೆ? ಮುಂದುವರಿಸಲೇ, ಬಿಡಲೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೊಲೆಗಾರ ಮೊದಲೇ ಸಿಕ್ಕಿಬಿದ್ದನೆಂದು ಬೇಸರ ಬೇಡ. ಈ ಸರಣಿಯಲ್ಲಿ ಅವನನ್ನು ಹಿಡಿಯುವುದು ಅಂಥ ಕಷ್ಟದ ಕೆಲಸವಲ್ಲ. ನಿಮ್ಮ ಅಕ್ಕನಿಗೂ ಅದು ಗೊತ್ತಿರುತ್ತದೆ, ಆದರೂ ಇಪ್ಪತ್ತು ಓದಿದ್ದಾರೆ. ಜಗಳದ ಬೇರು ಇರುವುದೇ ಅಲ್ಲಿ. ಪತ್ತೇದಾರಿ ಕಾದಂಬರಿ ಎಂದು ಕೈಗೆತ್ತಿಕೊಂಡವರು ಒಂದು ಕಡೆ, ಒಂದು ಮನೆತನದ ಕಥೆ ಎಂದು ಓದಿಕೊಂಡು ಹೋದವರು ಇನ್ನೊಂದು ಕಡೆ. ಎರಡನೆಯವರಿಗೆ ಹೆಣ ಬಿದ್ದರೂ ಸರಿ, ಬೀಳದಿದ್ದರೂ ಸರಿ.

ಇದನ್ನು ಓದುತ್ತಿರುವ ಉಳಿದವರಿಗಾಗಿ ಎರಡು ಮಾತು. ಕಥೆ ಶುರುವಾಗುವುದು 1884ರಲ್ಲಿ. ಅಪ್ಪ ಬಿಟ್ಟುಹೋದ ಆಸ್ತಿ ಕೈಗೆ ಬಂದ 32ರ ಅವಿವಾಹಿತೆ ಅಮೀಲಿಯಾ ಇಂಗ್ಲೆಂಡಿನಿಂದ ಈಜಿಪ್ಟಿಗೆ ಹೊರಡುತ್ತಾಳೆ. ಅಲ್ಲಿ ಅಮರ್ನಾದಲ್ಲಿ ಉತ್ಖನನ ಮಾಡುತ್ತಿರುವ ಮಹಾಕೋಪಿಷ್ಠ ರಾಡ್‌ಕ್ಲಿಫ್ ಎಮರ್ಸನ್ ಎದುರಾಗುತ್ತಾನೆ. ಜಗಳ, ಆಮೇಲೆ ಮದುವೆ, ಆಮೇಲೂ ಜಗಳ. ಪ್ರತಿ ಚಳಿಗಾಲ ಒಂದು ಉತ್ಖನನ, ಅದರ ಜೊತೆಗೊಂದು ಕೊಲೆ. ಊರಿನವರು ಅವನನ್ನು ಕರೆಯುವ ಅರಬಿ ಹೆಸರನ್ನು ಕನ್ನಡಕ್ಕೆ ತಂದರೆ ‘ಬೈಗುಳದ ಪಿತಾಮಹ’ ಎನ್ನಬೇಕು, ಅವಳು ‘ಡಾಕ್ಟರಮ್ಮ’. ಅವಳು ಗಂಡನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಎಮರ್ಸನ್ ಎನ್ನುತ್ತಾಳೆ. ಅವನೂ ಅವಳನ್ನು ತವರಿನ ಹೆಸರಿನಿಂದ ಪೀಬಾಡಿ ಎಂದೇ ಕರೆಯುತ್ತಾನೆ. ನಮ್ಮ ಅಜ್ಜಿಯರೂ ಗಂಡನ ಹೆಸರು ಹೇಳುತ್ತಿರಲಿಲ್ಲ, ಕಾರಣ ಮಾತ್ರ ಬೇರೆ. ಇಲ್ಲಿ ಅದು ಸರಿಸಮಾನರೆಂಬ ಗುರುತು. ಅವನ ಬಾಯಲ್ಲಿ ‘ಅಮೀಲಿಯಾ’ ಎಂದು ಬಂತೆಂದರೆ ಸಿಟ್ಟು ಬಂದಿದೆ ಎಂದೇ ಅರ್ಥ.

ಬರೆದ ಎಲಿಜಬೆತ್ ಪೀಟರ್ಸ್ ಅವರ ನಿಜವಾದ ಹೆಸರು ಬಾರ್ಬರಾ ಮರ್ಟ್ಜ್. 1952ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಿಂದ ಪ್ರಾಚೀನ ಈಜಿಪ್ಟಿನ ಅಧ್ಯಯನದಲ್ಲಿ ಡಾಕ್ಟರೇಟ್ ಪಡೆದವರು. ಈ ಸರಣಿಗೆ ಮೊದಲು 1964 ಮತ್ತು 1966ರಲ್ಲಿ ಪ್ರಾಚೀನ ಈಜಿಪ್ಟಿನ ಬಗ್ಗೆ ಸಾಮಾನ್ಯ ಓದುಗರಿಗಾಗಿ ಎರಡು ಪುಸ್ತಕ ಬರೆದರು. ‘ಎಲಿಜಬೆತ್’, ‘ಪೀಟರ್’ ಎರಡೂ ಅವರ ಮಕ್ಕಳ ಹೆಸರು. ಸರಣಿಯ ಮೊದಲ ಕಾದಂಬರಿ ‘ಕ್ರೊಕೊಡೈಲ್ ಆನ್ ದ ಸ್ಯಾಂಡ್‌ಬ್ಯಾಂಕ್’ ಬಂದದ್ದು 1975ರಲ್ಲಿ.

ಆ ಪಾಂಡಿತ್ಯ ಪುಸ್ತಕದೊಳಗೆ ಹೇಗೆ ಇಳಿಯುತ್ತದೆ ಎನ್ನುವುದಕ್ಕೆ ನೀವು ಓದಿದ ಅದೇ ಮೊದಲ ಕಾದಂಬರಿಯ ಒಂದು ಸನ್ನಿವೇಶ ಸಾಕು. ಅಮರ್ನಾದಲ್ಲಿ ಮರಳು ಸರಿಸಿದಾಗ ಬಣ್ಣದ ಚಿತ್ರ ಬರೆದ ಗಾರೆಯ ನೆಲ ಕಾಣುತ್ತದೆ. ಮುಟ್ಟಿದರೆ ಪುಡಿಯಾಗುವಂಥದ್ದು. ಕುಂಚ ಆಡಿಸಿದರೂ ಬಣ್ಣ ಎದ್ದುಬರುತ್ತದೆ. ಅಮೀಲಿಯಾ ನೆಲಕ್ಕೆ ಬಾಗಿ ಕೂತು, ತೆಳ್ಳಗಿನ ಸಬ್ಬಕ್ಕಿ ಗಂಜಿಯನ್ನು ತೋರುಬೆರಳಿನ ಬದಿಯಿಂದ ಅಂಗುಲಂಗುಲ ಸವರುತ್ತಾ ಹೋಗುತ್ತಾಳೆ. ಹತ್ತಿ ಸೀರೆಗೆ ಗಂಜಿ ಹಾಕಿ ಗೊತ್ತಿದ್ದವರಿಗೆ ಇದರ ತರ್ಕ ಕೂಡಲೇ ಹೊಳೆಯುತ್ತದೆ: ಒಣಗಿದ ಮೇಲೆ ಬಣ್ಣದ ಮೇಲೊಂದು ತೆಳು ಪೊರೆ ನಿಲ್ಲುತ್ತದೆ. ಇದು ಲೇಖಕಿ ಕಟ್ಟಿದ ಕಥೆಯಲ್ಲ. 1891-92ರ ಚಳಿಗಾಲ ಫ್ಲಿಂಡರ್ಸ್ ಪೆಟ್ರಿ ಎಂಬ ಪುರಾತತ್ವಜ್ಞ ಅಮರ್ನಾದಲ್ಲಿ ಅಂಥ ನೆಲವನ್ನು ನಿಜಕ್ಕೂ ಕಂಡು, ಹೀಗೇ ಸಬ್ಬಕ್ಕಿ ನೀರನ್ನು ಬೆರಳ ಬದಿಯಿಂದಲೇ ಹಚ್ಚಿದ್ದರು. ಲೇಖಕಿ ಅದನ್ನು ಏಳು ವರ್ಷ ಹಿಂದಕ್ಕೆ ಎಳೆದು ತಮ್ಮ ನಾಯಕಿಯ ಬೆರಳಿಗೆ ಕೊಟ್ಟಿದ್ದಾರೆ. ಪೆಟ್ರಿಯ ಆ ನೆಲ ಆಮೇಲೆ ಉಳಿಯಲಿಲ್ಲ. ನೋಡಲು ಬರುವ ಪ್ರವಾಸಿಗರು ಬೆಳೆ ತುಳಿಯುತ್ತಾರೆಂದು ರೋಸಿಹೋದ ಹೊಲದವನೊಬ್ಬ 1912ರಲ್ಲಿ ಅದನ್ನು ಒಡೆದುಹಾಕಿದ. ಉಳಿದ ಚೂರುಗಳು ಕೈರೋ ಮ್ಯೂಸಿಯಮ್ಮಿಗೆ ಹೋದವು. ಇಂಥ ಪುಟಗಳನ್ನು ಓದುವಾಗ ಕೊಲೆಗಾರ ಯಾರಾದರೇನು ಅನ್ನಿಸುತ್ತದೆ, ನನಗಂತೂ.

ಇನ್ನು ಓದುಗರ ಪಂಗಡಗಳು. ನಿಮ್ಮ ಅಕ್ಕನ ಗೆಳತಿಯದು ಮೊದಲ ನಾಲ್ಕರ ಪಂಗಡ. ಅವರ ವಾದದಲ್ಲಿ ಹುರುಳಿದೆ. ಆ ನಾಲ್ಕರಲ್ಲಿ ಪೂರ್ತಿ ಮಾತು ಅಮೀಲಿಯಾಳದೇ. ಸೊಂಟದ ಪಟ್ಟಿಗೆ ಚಾಕು, ನೀರಿನ ಸೀಸೆ, ಬೆಂಕಿಪೊಟ್ಟಣ, ಮೇಣದಬತ್ತಿ ಎಲ್ಲ ನೇತುಹಾಕಿಕೊಂಡು ಪಾತ್ರೆ ಅಂಗಡಿಯೇ ನಡೆದು ಬಂದಂತೆ ಸದ್ದು ಮಾಡುತ್ತಾ, ಕೈಯಲ್ಲಿ ಕೊಡೆ ಹಿಡಿದು ಕಳ್ಳರನ್ನು ಅಟ್ಟುವ ಹೆಂಗಸು. ತನ್ನಷ್ಟು ವಿವೇಕಿ ಇನ್ನೊಬ್ಬರಿಲ್ಲವೆಂಬ ಅವಳ ನಂಬಿಕೆ. ಅವಳಿಗೇ ಕಾಣದೆ ನಮಗೆ ಕಾಣುವ ಅವಳ ಮೂರ್ಖತನ. ಈ ಹಾಸ್ಯವನ್ನು ಎಳೆದಷ್ಟೂ ತೆಳ್ಳಗಾಗುತ್ತದೆ ಎಂದು ಅವರು ಹೇಳುವುದು ಸುಳ್ಳಲ್ಲ. ಮೂರನೆಯದರಿಂದ ಜೊತೆಗೂಡುವ ಮಗ ರಾಮ್ಸೆಸ್ ಇವರಲ್ಲಿ ಹಲವರಿಗೆ ಸಹಿಸಲಾಗದ ತಲೆನೋವು. ಎಳೆಯ ಹುಡುಗ, ಬಾಯಿ ಬಿಟ್ಟರೆ ವಿದ್ವಾಂಸರ ಭಾಷಣ.

ಅಕ್ಕನ ಪಂಗಡದವರು ಮಾತ್ರ ಅದೇ ಹುಡುಗ ಬೆಳೆದು ದೊಡ್ಡವನಾಗುವುದನ್ನು ಕಾದು ಓದಿದವರು. 1991ರಲ್ಲಿ ಬಂದ ಆರನೆಯ ಪುಸ್ತಕದಲ್ಲಿ ನೆಫ್ರೆಟ್ ಎಂಬ ಹುಡುಗಿ ಮನೆ ಸೇರುತ್ತಾಳೆ. 1997ರ ಒಂಬತ್ತನೆಯದರಿಂದ ಅಮೀಲಿಯಾಳ ದಿನಚರಿಯ ನಡುವೆ ಕಿರಿಯರ ಕಡೆಯಿಂದ ಹೇಳಿದ ಇನ್ನೊಂದು ‘ಹಸ್ತಪ್ರತಿ’ ಸೇರಿಕೊಳ್ಳುತ್ತದೆ. ತಾಯಿ ಒಂದು ಹೇಳುತ್ತಾಳೆ. ಪುಟ ತಿರುಗಿಸಿದರೆ ನಡೆದದ್ದೇ ಬೇರೆ. ರಾಮ್ಸೆಸ್ ಮತ್ತು ನೆಫ್ರೆಟ್ ನಡುವಿನದು ಏನಾಗುತ್ತದೋ ಎಂದು ಓದುಗರನ್ನು ಲೇಖಕಿ ವರ್ಷಗಟ್ಟಲೆ ಕಾಯಿಸಿ, 2000ದಲ್ಲಿ ಬಂದ ಹನ್ನೆರಡನೆಯದರಲ್ಲಿ ಬಿಡಿಸಿದರು. ಅದು 1914-15ರ ಕಥೆ. ತುರ್ಕರು ಸೂಯೆಜ್ ಕಾಲುವೆಯ ಮೇಲೆ ಏರಿಬಂದ ದಿನಗಳು. ಆ ಯುದ್ಧದಲ್ಲಿ ಕಾಲುವೆ ಕಾಯಲು ಹೋದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರು. ಆ ಭಾಗ ಓದುವಾಗ ಇದನ್ನು ನೆನಪಿಟ್ಟುಕೊಂಡರೆ ಕಾದಂಬರಿಯ ಮರಳು ಸ್ವಲ್ಪ ಹತ್ತಿರದ್ದಾಗುತ್ತದೆ.

ಮೂರನೆಯ ಆಕ್ಷೇಪವನ್ನು ನಿಮ್ಮ ಪ್ರಶ್ನೆ ಎತ್ತಿಲ್ಲ, ಆದರೆ ಎಲ್ಲಕ್ಕಿಂತ ಗಟ್ಟಿಯಾದದ್ದು ಅದೇ. ಇದು ಆಳಿದವರ ಕಣ್ಣಿನ ಈಜಿಪ್ಟ್. ದೊರೆಸಾನಿ ಔಷಧಿ ಹಂಚುತ್ತಾಳೆ, ಬುದ್ಧಿ ಹೇಳುತ್ತಾಳೆ, ಊರಿನವರು ಬೆರಗಾಗಿ ನೋಡುತ್ತಾರೆ. ನಮ್ಮ ಊರುಗಳಿಗೂ ಇಂಥ ದೊರೆಸಾನಿಯರು ಬಂದುಹೋದದ್ದರಿಂದ ನಾವು ಇದನ್ನು ನಕ್ಕು ಬಿಡುವುದು ಸುಲಭವಲ್ಲ. ಲೇಖಕಿ ಅಮೀಲಿಯಾಳನ್ನು ಗೇಲಿ ಮಾಡುತ್ತಿದ್ದಾರೆ ಎಂಬ ಸಮರ್ಥನೆ ಇದೆ. ಅದು ಅರ್ಧ ಮಾತ್ರ ನಿಜ ಎಂದು ಮೊದಲ ಪುಸ್ತಕಗಳನ್ನು ಓದಿದಾಗ ನನಗೆ ಅನ್ನಿಸಿತ್ತು.

ಆ ಅಭಿಪ್ರಾಯ ಸಡಿಲವಾದದ್ದು ಹತ್ತನೆಯ ಪುಸ್ತಕದಲ್ಲಿ. ಎಮರ್ಸನ್ನನ ಕೆಲಸಗಾರರ ಮುಖ್ಯಸ್ಥ ಅಬ್ದುಲ್ಲಾ. ಅವನ ಮೊಮ್ಮಗ ಡೇವಿಡ್ ಈ ಮನೆಯಲ್ಲೇ ಮಕ್ಕಳೊಡನೆ ಬೆಳೆದವನು. ಎಮರ್ಸನ್ನನ ತಮ್ಮನ ಮಗಳು ಅವನನ್ನೇ ಮದುವೆಯಾಗುತ್ತೇನೆ ಎಂದಾಗ, ಜಾತಿ ಬಣ್ಣ ಯಾವುದೂ ತನಗಿಲ್ಲವೆಂದು ಮೊದಲ ಪುಟದಿಂದ ಹೇಳಿಕೊಂಡು ಬಂದ ಅಮೀಲಿಯಾ ಬೆಚ್ಚಿಬೀಳುತ್ತಾಳೆ. ಬೆಚ್ಚಿದ್ದಕ್ಕೆ ಕಾರಣ ಹುಡುಕುತ್ತಾಳೆ. ಸಿಕ್ಕಿದ ಕಾರಣ ಅವಳಿಗೇ ಹಿಡಿಸುವುದಿಲ್ಲ. ‘ನಮ್ಮಲ್ಲಿ ಅದೆಲ್ಲ ಇಲ್ಲ, ಆದರೂ…’ ಎಂಬ ಮಾತನ್ನು ಮದುವೆ ಮಾತುಕತೆಗಳಲ್ಲಿ ಕೇಳಿದ ಯಾವ ಕನ್ನಡ ಓದುಗರಿಗೂ ಈ ಪುಟಗಳಿಗೆ ಟಿಪ್ಪಣಿ ಬೇಡ. ಮೊದಲ ನಾಲ್ಕಕ್ಕೇ ನಿಲ್ಲಿಸಿದವರಿಗೆ ಸಿಗದೇ ಹೋಗುವುದು ಇದು. ಅದೇ ಪುಸ್ತಕದ ಕೊನೆಗೆ ಒಂದು ಸಾವು ಬರುತ್ತದೆ. ಯಾರದೆಂದು ಹೇಳಿದರೆ ಅಕ್ಕ ನನ್ನನ್ನು ಬಿಡುವುದಿಲ್ಲ.

ವಯಸ್ಸಿನ ಲೆಕ್ಕ ಹಾಕುವವರ ಒಂದು ಸಣ್ಣ ಗುಂಪೂ ಇದೆ. 1884ರಲ್ಲಿ 32 ಆಗಿದ್ದವಳು 1922ರಲ್ಲಿ ತುತಂಖಾಮನ್ ಸಮಾಧಿ ತೆರೆಯುವ ಹೊತ್ತಿಗೆ, ಅಂದರೆ ಹದಿನೆಂಟನೆಯ ಪುಸ್ತಕದಲ್ಲಿ, 70. ಆದರೂ ಚುರುಕು ಕಡಿಮೆಯಾಗಿಲ್ಲ. ನನಗಿದು ದೂರಿನಂತೆ ಕಾಣುವುದಿಲ್ಲ. ಎಪ್ಪತ್ತರಲ್ಲಿ ತೋಟ ಸುತ್ತಿ ಆಳುಗಳನ್ನು ಗದರಿಸುವ ಅಜ್ಜಿಯರು ಮಲೆನಾಡಿನಲ್ಲಿ ಎಷ್ಟಿಲ್ಲ?

ಇಪ್ಪತ್ತನೆಯದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಪೀಟರ್ಸ್ 2013ರ ಆಗಸ್ಟಿನಲ್ಲಿ ತೀರಿಕೊಂಡರು. ಅರ್ಧಕ್ಕೆ ನಿಂತಿದ್ದ ‘ದ ಪೇಂಟೆಡ್ ಕ್ವೀನ್’ ಕಾದಂಬರಿಯನ್ನು ಗೆಳತಿ ಜೋನ್ ಹೆಸ್ ಮುಗಿಸಿದರು, 2017ರಲ್ಲಿ ಪ್ರಕಟವಾಯಿತು. ಪ್ರೀತಿಯಿಂದ ಮಾಡಿದ ಕೆಲಸ, ಆದರೆ ದನಿ ಅಮೀಲಿಯಾಳದಲ್ಲ. ಬಿಟ್ಟರೆ ನಷ್ಟವಿಲ್ಲ.

ಈಗ ನಿಮ್ಮ ವಿಷಯ. ಮೂರನೆಯದು, ‘ದ ಮಮ್ಮಿ ಕೇಸ್’, ಬಿಡಬೇಡಿ. ಅಲ್ಲಿ ಆ ಹುಡುಗನ ಭಾಷಣ ಕೇಳಿ ನಗು ಬಂದರೆ ಮುಂದಿನ ದಾರಿ ನಿಮ್ಮದು. ಮೈ ಪರಚಿಕೊಳ್ಳುವಂತಾದರೆ ಅಕ್ಕನ ಗೆಳತಿಯ ಮಾತು ಕೇಳಿ, ನಾಲ್ಕನೆಯದನ್ನು ಓದಿ ನಿಲ್ಲಿಸಿಬಿಡಿ. ಮುಂದುವರಿಸುವುದಾದರೆ ಐದನೆಯದನ್ನು ಹಾರಿಸಬಹುದು, ಅದು ಲಂಡನ್ನಿನಲ್ಲಿ ನಡೆಯುವುದು, ಈಜಿಪ್ಟಿನ ಬಿಸಿಲಿಲ್ಲದೆ ಇವರೆಲ್ಲ ಬಾಡಿದಂತೆ ಕಾಣುತ್ತಾರೆ. ಆರರಿಂದ ಹನ್ನೆರಡರವರೆಗೆ ಮಾತ್ರ ಒಂದನ್ನೂ ಬಿಡದೆ, ಬಂದ ಕ್ರಮದಲ್ಲೇ ಓದಿ. 2004ರಲ್ಲಿ ಬಂದ ಹದಿನಾರನೆಯದು ಮತ್ತು 2010ರ ಹತ್ತೊಂಬತ್ತನೆಯದು ಕಥೆಯ ಕಾಲದಲ್ಲಿ ಹಿಂದಕ್ಕೆ ಹೋಗುತ್ತವೆ, ಅವಸರವಿಲ್ಲ. ಹನ್ನೆರಡು ಮುಗಿಸಿದ ಮೇಲೆ ಬೇಕಿದ್ದರೆ ಮತ್ತೊಂದು ಪತ್ರ ಬರೆಯಿರಿ. ಆ ಹೊತ್ತಿಗೆ ನನ್ನನ್ನು ಕೇಳುವ ಅಗತ್ಯ ಬೀಳಲಾರದು.