ಮೇ ತಿಂಗಳ ಮನೆ

ಯಾದಗಿರಿ, ಶಹಾಪುರ, ಸುರಪುರಗಳಿಗೆ ಹೊಸದಾಗಿ ನೌಕರಿ ಮೇಲೆ ಬರುವವರು ಬಾಡಿಗೆ ಮನೆ ಹುಡುಕುವುದು ಹೆಚ್ಚಾಗಿ ಜೂನ್, ಜುಲೈನಲ್ಲಿ. ವರ್ಗಾವಣೆಯ ಹಂಗಾಮು ಆಗಷ್ಟೇ ಮುಗಿದಿರುತ್ತದೆ, ಶಾಲೆಗಳು ತೆರೆದಿರುತ್ತವೆ, ಒಂದೆರಡು ಹದ ಮಳೆ ಬಿದ್ದು ಎರೆಭೂಮಿ ತಂಪಾಗಿರುತ್ತದೆ. ನಳದಲ್ಲಿ ನೀರು ಬರುತ್ತಿರುತ್ತದೆ, ಬೋರ್ ಚೇತರಿಸಿಕೊಂಡಿರುತ್ತದೆ, ಸಂಜೆ ಗಾಳಿ ಬೀಸುತ್ತದೆ. ಆ ಹೊತ್ತಿನಲ್ಲಿ ಈ ಮೂರೂ ಊರುಗಳ ಯಾವ ಏರಿಯಾ ನೋಡಿದರೂ ಒಪ್ಪಿಗೆಯಾಗುತ್ತದೆ. ಇಲ್ಲಿಯ ವಾಸ ನನಗೆ ಕಲಿಸಿದ್ದು ಒಂದೇ ಮಾತು: ಏರಿಯಾವನ್ನು ಅಳೆಯಬೇಕಾದದ್ದು ಅದರ ಕೆಟ್ಟ ತಿಂಗಳಿನಿಂದ, ಇಲ್ಲಿ ಆ ತಿಂಗಳು ಮೇ. ಕಚೇರಿ ಎಷ್ಟು ಹತ್ತಿರ, ಕಟ್ಟಡ ಎಷ್ಟು ಹೊಸದು, ಅಡುಗೆಮನೆಗೆ ಯಾವ ಟೈಲ್ಸ್ ಹಾಕಿದ್ದಾರೆ ಎಂಬುದೆಲ್ಲ ಆಮೇಲಿನ ವಿಚಾರ. ಬೆಂಗಳೂರಿನಲ್ಲಿ ಏರಿಯಾ ಆಯ್ಕೆ ಎಂದರೆ ಟ್ರಾಫಿಕ್ಕಿನ ಲೆಕ್ಕ. ಆ ಲೆಕ್ಕವನ್ನು ಇಲ್ಲಿಗೆ ಹೊತ್ತು ತಂದವರು ತಪ್ಪು ಪ್ರಶ್ನೆಗೆ ಸರಿ ಉತ್ತರ ಹುಡುಕುತ್ತಾರೆ. 2011ರ ಜನಗಣತಿಯಲ್ಲಿ ಯಾದಗಿರಿ ನಗರದ ಜನಸಂಖ್ಯೆ ಸುಮಾರು 74 ಸಾವಿರ, ಉಳಿದೆರಡು ಊರುಗಳದು ಐವತ್ತು ಸಾವಿರದ ಆಸುಪಾಸು. ಇಷ್ಟು ಸಣ್ಣ ಊರಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಬೈಕಿನಲ್ಲಿ ಕಾಲು ಗಂಟೆಯೂ ಹಿಡಿಯುವುದಿಲ್ಲ. ದೂರ ಇಲ್ಲಿ ಸಮಸ್ಯೆಯೇ ಅಲ್ಲ.

ಮೇ ತಿಂಗಳು ಯಾಕೆ ಇಷ್ಟು ಮುಖ್ಯ ಎನ್ನುವುದಕ್ಕೆ ಸರ್ಕಾರವೇ ಸಾಕ್ಷಿ ಒದಗಿಸುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆಗೆದರೆ ಮಧ್ಯಾಹ್ನ 1:30ಕ್ಕೆ ಮುಗಿಯಿತು. ಬೇರೆ ಭಾಗದವರಿಗೆ ಇದು ಅರ್ಧ ದಿನದ ರಜೆಯ ಹಾಗೆ ಕಂಡೀತು. ನಿಜವಾಗಿ ಅದು ದಿನದ ಅತಿ ಕ್ರೂರ ಹೊತ್ತನ್ನು ಕಚೇರಿಯಿಂದ ತೆಗೆದು ಮನೆಗೆ ವರ್ಗಾಯಿಸುವ ಆದೇಶ. ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯಲ್ಲ. ಅಂಥ ದಿನ ಎರಡು ಗಂಟೆಯಿಂದ ಸಂಜೆ ಆರರವರೆಗೆ ನೌಕರ ಕೂರುವುದು ತಾನು ಬಾಡಿಗೆ ಹಿಡಿದ ಖೋಲಿಯಲ್ಲಿ. ಹಾಗಾಗಿ ಇಲ್ಲಿ ಮನೆಯೆಂದರೆ ರಾತ್ರಿ ಮಲಗಿ ಎದ್ದುಹೋಗುವ ಜಾಗವಷ್ಟೇ ಅಲ್ಲ. ವರ್ಷದ ಎರಡು ತಿಂಗಳು ಮಧ್ಯಾಹ್ನವನ್ನು ಕಳೆಯಬೇಕಾದ ಜಾಗವೂ ಅದೇ.

ಆ ಮಧ್ಯಾಹ್ನವನ್ನು ಕಳೆಯಲು ಇಲ್ಲಿ ಎಲ್ಲರೂ ನಂಬಿರುವುದು ಕೂಲರನ್ನು. ಎ.ಸಿ. ಹಾಕಿಸುವ ಬಾಡಿಗೆದಾರರು ಕಡಿಮೆ. ಹಾಕಿಸಿದರೂ ಅದರ ಕರೆಂಟ್ ಬಿಲ್ ಬೇರೆ, ಹಳೆ ವೈರಿಂಗ್ ತಡೆಯುತ್ತದೋ ಇಲ್ಲವೋ ಎಂಬ ಚಿಂತೆ ಬೇರೆ. ಕಿಟಕಿಗೆ ಆನಿಸಿಟ್ಟ ತಗಡಿನ ಕೂಲರ್, ಮೂರು ಕಡೆ ಹುಲ್ಲಿನ ಪ್ಯಾಡ್, ಕೆಳಗಿನ ತೊಟ್ಟಿಯಲ್ಲಿ ಒಂದು ಸಣ್ಣ ಪಂಪು: ಇಷ್ಟೇ ಅದರ ಸಂಸಾರ. ಬಿಸಿಗಾಳಿ ಒದ್ದೆ ಹುಲ್ಲಿನ ಮೂಲಕ ಹಾಯುವಾಗ ನೀರು ಆವಿಯಾಗುತ್ತದೆ, ಆವಿಯಾಗುವಾಗ ಗಾಳಿಯ ಶಾಖವನ್ನು ಎಳೆದುಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ಕೂಲರ್ ಚೆನ್ನ. ಅದಕ್ಕೇ ಮೇ ತಿಂಗಳಲ್ಲಿ ಅದು ದೇವರು, ಜುಲೈನ ಜಡಿಮಳೆಯಲ್ಲಿ ಬರೀ ತೇವ ಚೆಲ್ಲುವ ಡಬ್ಬಿ. ಆದರೆ ಈ ಯಂತ್ರ ನೀರು ಕುಡಿಯುತ್ತದೆ. ಧಗೆಯ ದಿನಗಳಲ್ಲಿ ಕೊಡಗಟ್ಟಲೆ ಸುರಿದರೂ ಸಂಜೆಗೆ ತಳ ಕಾಣುತ್ತದೆ. ನಳ ಬಾರದ ವಾರ, ಕುಡಿಯಲಿಕ್ಕೂ ಸ್ನಾನಕ್ಕೂ ಲೆಕ್ಕ ಹಾಕುವಾಗ ಕೂಲರಿಗೆ ನೀರು ಹಾಕುವ ಧೈರ್ಯ ಯಾರಿಗಿದೆ? ಸೆಕೆಯೂ ನೀರೂ ಎರಡು ಬೇರೆ ತಾಪತ್ರಯ ಎಂದುಕೊಂಡು ಮನೆ ನೋಡಲು ಹೊರಡುವವರು ಇದನ್ನು ತಿಳಿದಿರಬೇಕು. ಇಲ್ಲಿ ಅವೆರಡೂ ಒಂದೇ. ನೀರಿಲ್ಲದ ಏರಿಯಾ ತಾನಾಗಿ ಬಿಸಿಯ ಏರಿಯಾ.

ಕೃಷ್ಣೆ, ಭೀಮೆ ಎರಡೂ ಹರಿಯುವ ಜಿಲ್ಲೆಯಲ್ಲಿ ನೀರಿನ ಮಾತೇಕೆ ಎಂದು ನಕಾಶೆ ನೋಡಿದವರು ಕೇಳಬಹುದು. ಯಾದಗಿರಿ ನೆಚ್ಚಿಕೊಂಡಿರುವ ಭೀಮೆ ಮಹಾರಾಷ್ಟ್ರದಿಂದ ಬರುವ ಹೊಳೆ. ಬೇಸಿಗೆ ಬಂತೆಂದರೆ ಉಜನಿ ಜಲಾಶಯದಿಂದ ನೀರು ಬಿಡಿಸಿ ಎಂಬ ಕೂಗು ಏಳುತ್ತದೆ. ಅದೇ ಭೀಮೆ 2020ರ ಅಕ್ಟೋಬರಿನಲ್ಲಿ ದಂಡೆ ಮೀರಿ ಹರಿದದ್ದನ್ನೂ ಊರು ಕಂಡಿದೆ. ಹೊಳೆ ಇರುವುದು ಬೇರೆ, ನಳಕ್ಕೆ ನೀರು ಬರುವುದು ಬೇರೆ. ನಗರಸಭೆಯ ಕೊಳವೆಜಾಲ ಎಲ್ಲಿ ಹಳೆಯದೋ, ಎಲ್ಲಿ ಮನೆಗಳು ದಟ್ಟವಾಗಿವೆಯೋ ಅಲ್ಲಿ ನೀರಿಗೊಂದು ಸರದಿಯಾದರೂ ಇರುತ್ತದೆ, ಸರದಿ ತಪ್ಪಿದರೆ ಹತ್ತು ಜನ ಸೇರಿ ಜಗಳ ತೆಗೆಯುತ್ತಾರೆ. ಊರಹೊರಗೆ ಹೊಲ ಎನ್.ಎ. ಮಾಡಿಸಿ ಪ್ಲಾಟ್ ಹಾಕಿದ ಲೇಔಟುಗಳ ಕಥೆ ಹಾಗಲ್ಲ. ನಗರಸಭೆಗೆ ಹಸ್ತಾಂತರ ಆಗುವವರೆಗೆ ಅಲ್ಲಿ ಪೈಪು, ಬೀದಿದೀಪ, ಕಸದ ಗಾಡಿ ಎಲ್ಲವೂ ಭರವಸೆ ಮಾತ್ರ. ಬೋರ್ ಒಂದೇ ಗತಿ. ಅದೂ ಎಷ್ಟೋ ಕಡೆ ಸವಳು, ಜಿಲ್ಲೆಯ ಹಲವು ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡಿನ ತೊಂದರೆ ಬೇರೆ. ಏಪ್ರಿಲ್ ಕೊನೆಗೆ ಬೋರ್ ಗಾಳಿ ಎಳೆಯತೊಡಗಿದರೆ ಟ್ಯಾಂಕರಿಗೆ ಫೋನ್ ಮಾಡಬೇಕು.

ಮನೆಯ ಕಟ್ಟಡವನ್ನೂ ಇದೇ ಕಣ್ಣಿನಿಂದ ನೋಡಬೇಕು. ಯಾದಗಿರಿಯಲ್ಲಿ ಮಿನಿ ವಿಧಾನಸೌಧ ಇರುವುದು ಚಿತ್ತಾಪುರ ರಸ್ತೆಯಲ್ಲಿ. 2009ರ ಡಿಸೆಂಬರ್ 30ರಂದು ಜಿಲ್ಲೆಯಾದ ಮೇಲೆ ಹೊಸ ನೌಕರರ ಕಣ್ಣು ಹೊರಳುವುದು ಅಂಥ ಹೊಸ ಕಡೆಗಳಿಗೇ. ಮನೆಗಳೂ ಅಚ್ಚುಕಟ್ಟು. ಆದರೆ ಬಾಡಿಗೆಗೆ ಸಿಗುವುದು ಸಾಮಾನ್ಯವಾಗಿ ಮೇಲಂತಸ್ತು, ಮಾಲೀಕರು ಕೆಳಗಿರುತ್ತಾರೆ. ದಿನವಿಡೀ ಕಾದ ಆರ್‌ಸಿಸಿ ಸ್ಲ್ಯಾಬು ರಾತ್ರಿ ಹನ್ನೊಂದಾದರೂ ಕೆಳಗೆ ಬಿಸಿ ಇಳಿಸುತ್ತಲೇ ಇರುತ್ತದೆ. ಸಿಂಟೆಕ್ಸಿನ ನೀರು ಮಧ್ಯಾಹ್ನ ಮೈಗೆ ಹಾಕಿಕೊಳ್ಳಲು ಆಗದಷ್ಟು ಸುಡುತ್ತದೆ. ಗಾಂಧಿ ಚೌಕದ ಆಸುಪಾಸಿನ ಹಳೆ ಊರಿನಲ್ಲಿ ಇನ್ನೂ ಉಳಿದಿರುವ ದಪ್ಪ ಕಲ್ಲುಗೋಡೆಯ ಮಾಳಿಗೆ ಮನೆಗಳು, ನೆಲಕ್ಕೆ ಪರಸಿ ಹಾಸಿದವು, ನೋಡಲು ಕತ್ತಲು, ಮೇ ತಿಂಗಳಲ್ಲಿ ತಂಪು. ಹಾಗೆಂದು ಹಳೆಯದೆಲ್ಲ ತಂಪು ಎಂದೂ ಅಲ್ಲ. ಕೋಟೆ ಬೆಟ್ಟಕ್ಕೆ ತೀರ ಅಂಟಿಕೊಂಡ ಮನೆಗಳಿಗೆ ಬಂಡೆ ರಾತ್ರಿ ಶಾಖ ವಾಪಸು ಕೊಡುತ್ತದೆ. ನನ್ನ ಆಯ್ಕೆ ಕೇಳಿದರೆ ಹಳೆ ಊರಿಗೂ ಹೊಸ ಬಡಾವಣೆಗೂ ನಡುವಿನ, ಸ್ಟೇಷನ್ ಕಡೆಯ ಓಣಿಗಳಲ್ಲಿ, ಮೇಲೆ ಇನ್ನೊಂದು ಅಂತಸ್ತು ಇರುವ ಮನೆಯ ನೆಲ ಅಂತಸ್ತು. ಬಾಡಿಗೆ ತುಸು ಹೆಚ್ಚಾದರೂ ಸರಿ. ಮೇಲಿನವರ ಸಂಸಾರ ನಮ್ಮ ತಲೆಗೆ ನೆರಳು.

ಶಹಾಪುರದಲ್ಲಿ ಆಯ್ಕೆ ಇನ್ನೂ ಸ್ಪಷ್ಟವಾಗಿದೆ, ಯಾಕೆಂದರೆ ಅಲ್ಲಿ ಎರಡು ಬಗೆಯ ವಾಸ ಅಕ್ಕಪಕ್ಕದಲ್ಲೇ ಇದೆ. ಒಂದು ಬೆಟ್ಟದ ಬುಡದ ಪೇಟೆಯೂರು, ಇನ್ನೊಂದು ಕೆಲವೇ ಕಿ.ಮೀ. ದೂರದ ಭೀಮರಾಯನಗುಡಿ. ಕೃಷ್ಣಾ ಮೇಲ್ದಂಡೆ ಯೋಜನೆಯ ನೌಕರರಿಗಾಗಿ ಬೆಳೆದ ಈ ಕಾಲೊನಿಯಲ್ಲಿ ಅಗಲ ರಸ್ತೆ, ಮರ, ಕೃಷಿ ಕಾಲೇಜು ಎಲ್ಲ ಇವೆ. ಮೇ ತಿಂಗಳ ಪರೀಕ್ಷೆಯಲ್ಲಿ ಮರದ ನೆರಳಿನ ಊರೇ ಗೆಲ್ಲುತ್ತದೆ, ಅದನ್ನು ಒಪ್ಪಬೇಕು. ಒಬ್ಬಂಟಿಯಾಗಿ ಇರುವವರಿಗೆ ಮಾತ್ರ ಅಲ್ಲಿಯ ಸಂಜೆ ಉದ್ದ. ಊಟಕ್ಕೆ ಖಾನಾವಳಿ, ಜ್ವರಕ್ಕೆ ದವಾಖಾನೆ, ರಾತ್ರಿ ಒಂಬತ್ತಕ್ಕೆ ಮೊಬೈಲ್ ಚಾರ್ಜರ್ ಬೇಕೆಂದರೆ ಶಹಾಪುರಕ್ಕೇ ಬರಬೇಕು. ಗಾಡಿ ಇದ್ದವರು, ಸಂಸಾರವಂದಿಗರು ಕಣ್ಣುಮುಚ್ಚಿ ಭೀಮರಾಯನಗುಡಿಯನ್ನು ಆರಿಸಬಹುದು. ಶಹಾಪುರದ ಬಗ್ಗೆ ಇನ್ನೊಂದು ಎಚ್ಚರಿಕೆ. ನಾರಾಯಣಪುರ ಎಡದಂಡೆ ಕಾಲುವೆ ತುಂಬಿ ಹರಿಯುವಾಗ ಸುತ್ತಲ ಗದ್ದೆ ನೋಡಿ ಇದು ನೀರಿನ ಸೀಮೆ ಎಂದು ನಂಬಿಬಿಡುತ್ತೇವೆ. ಕಾಲುವೆಗೆ ಚಾಲು-ಬಂದ್ ಪದ್ಧತಿ ಇದೆ, ಬೇಸಿಗೆ ಬಲಿತಂತೆ ಬರೀ ಬಂದ್ ಉಳಿಯುತ್ತದೆ. ಕಾಲುವೆ ಪಕ್ಕದ ಬೋರುಗಳ ನೀರೂ ಅದರ ಜೊತೆಗೇ ಇಳಿಯುತ್ತದೆ.

ಸುರಪುರ ಗುಡ್ಡಗಳ ನಡುವೆ ಹುಟ್ಟಿದ ಊರು. ನಾಯಕರ ಸಂಸ್ಥಾನಕ್ಕೆ ಆ ಗುಡ್ಡಗಳೇ ಕೋಟೆಯಾಗಿದ್ದವು. 1840ರ ದಶಕದಲ್ಲಿ ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ತನ್ನ ವಾಸಕ್ಕೆ ಆರಿಸಿಕೊಂಡದ್ದು ಗುಡ್ಡದ ನೆತ್ತಿ, ಟೇಲರ್ ಮಂಜಿಲ್ ಇವತ್ತಿಗೂ ಅಲ್ಲಿದೆ. ಗಾಳಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಆದರೆ ದೊರೆಗೆ ಆಳುಕಾಳು ಇದ್ದರು, ನಮಗಿಲ್ಲ. ಏರಿನ ಓಣಿಗಳಿಗೆ ಪೈಪಿನ ನೀರು ಕೊನೆಗೆ ಮುಟ್ಟುತ್ತದೆ, ಇಳಿಜಾರಿನವರು ಮೋಟಾರು ಹಚ್ಚಿ ಎಳೆದರೆ ಮುಟ್ಟುವುದೂ ಇಲ್ಲ. ಸುರಪುರಕ್ಕೆ ಬರುವ ಮೇಷ್ಟ್ರಿಗೆ, ಬ್ಯಾಂಕಿನ ಹುಡುಗಿಗೆ ನಾನು ಹೇಳುವುದು ರಂಗಂಪೇಟೆ, ತಿಮ್ಮಾಪುರದ ಸಮತಟ್ಟಾದ ಕಡೆ ಮೊದಲು ನೋಡಿ ಎಂದು. ಗುಡ್ಡದ ಗಾಳಿ ಬೇಕಾದರೆ ಸಂಜೆ ಹತ್ತಿ ಬರಬಹುದು.

ಇದೆಲ್ಲ ಯಾಕೆ, ಕಲಬುರಗಿಯಲ್ಲಿ ಮನೆ ಮಾಡಿ ಅಪ್ ಅಂಡ್ ಡೌನ್ ಮಾಡಿದರಾಯಿತಲ್ಲ ಎಂಬ ವಾದ ಗಟ್ಟಿಯಾದದ್ದೇ. ಯಾದಗಿರಿಯಿಂದ ವಾಡಿ ಮೇಲೆ ಹಾದು ರೈಲಿನಲ್ಲಿ ಸುಮಾರು 75 ಕಿ.ಮೀ., ದೊಡ್ಡ ಊರು, ಒಳ್ಳೆಯ ಆಸ್ಪತ್ರೆ, ಸಿನಿಮಾ, ಗೆಳೆಯರು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಮಹಿಳಾ ನೌಕರರಿಗೆ ಬಸ್ಸಿನ ಖರ್ಚೂ ಇಲ್ಲ. ಆದರೂ ಲೆಕ್ಕ ಹಾಕಿ ನೋಡಿ. 7ನೇ ವೇತನ ಆಯೋಗದ ನಂತರ ಮನೆ ಬಾಡಿಗೆ ಭತ್ಯೆ 5 ಲಕ್ಷಕ್ಕಿಂತ ಕಡಿಮೆ ಜನರಿರುವ ಊರಿಗೆ ಮೂಲವೇತನದ ಶೇ. 7.5, ಕಲಬುರಗಿಯಂಥ ಊರಿಗೆ ಶೇ. 15. ಭತ್ಯೆ ಕೊಡುವುದು ಕೆಲಸ ಮಾಡುವ ಊರಿನ ಲೆಕ್ಕದಲ್ಲಿ. 40,000 ಮೂಲವೇತನದವರಿಗೆ ಯಾದಗಿರಿ ಭತ್ಯೆ 3,000 ರೂಪಾಯಿ, ಕೊಡಬೇಕಾದದ್ದು ಕಲಬುರಗಿಯ ಬಾಡಿಗೆ. ಇನ್ನು ಮೇ ತಿಂಗಳಿಗೆ ಬನ್ನಿ. ಎಂಟಕ್ಕೆ ಕುರ್ಚಿಯಲ್ಲಿರಬೇಕೆಂದರೆ ಕಲಬುರಗಿಯವರು ಬೆಳಗಿನ ಐದಕ್ಕೇ ಎದ್ದು ಓಡಬೇಕು, ವಾಪಸು ಬರುವಾಗ ನಡುಮಧ್ಯಾಹ್ನ ಪ್ಲಾಟ್‌ಫಾರ್ಮಿನಲ್ಲಿ ರೈಲು ಕಾಯಬೇಕು. ಶಹಾಪುರ, ಸುರಪುರಕ್ಕೆ ರೈಲೇ ಇಲ್ಲ. ಗದಗ–ವಾಡಿ ಹೊಸ ಮಾರ್ಗ ಮುಂದೆ ಈ ಎರಡೂ ಊರುಗಳನ್ನು ಮುಟ್ಟಬೇಕು. ಆ ಮಾರ್ಗದ ಇನ್ನೊಂದು ತುದಿಯ ಕಡೆಯಿಂದ 2025ರ ಮೇನಲ್ಲಿ ಕುಷ್ಟಗಿಗೆ ರೈಲು ಬಂತು. ಅಷ್ಟನ್ನು ನಂಬಿಕೊಂಡು “ಸ್ಟೇಷನ್ ಹತ್ತಿರದ ಪ್ಲಾಟ್” ಎಂಬ ದಲ್ಲಾಳಿಗಳ ಮಾತಿಗೆ ಮನೆ ಬಾಡಿಗೆ ಹಿಡಿಯುವುದೂ ಬೇಡ, ಸಾಲ ಮಾಡಿ ಪ್ಲಾಟ್ ಕೊಳ್ಳುವುದೂ ಬೇಡ.

ಎರಡು ವರ್ಷದ ಮಾತಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ಕೆಲವರು ಕೇಳುತ್ತಾರೆ. ಹೊರಗಿನಿಂದ ಬರುವವರಿಗೆ ಸರಿ. ಸಂವಿಧಾನದ 371(ಜೆ) ವಿಧಿಯಡಿ ಸ್ಥಳೀಯ ವೃಂದದಲ್ಲಿ ನೌಕರಿ ಸಿಕ್ಕವರ ಸೇವೆಯ ಬಹುಭಾಗ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲೇ ಕಳೆಯುತ್ತದೆ. ಯಾದಗಿರಿ ತಪ್ಪಿದರೆ ರಾಯಚೂರು, ಅದೂ ತಪ್ಪಿದರೆ ಕಲಬುರಗಿ. ಮೇ ತಿಂಗಳು ಎಲ್ಲಿಯೂ ತಪ್ಪುವುದಿಲ್ಲ.

ನನ್ನ ವಾದಕ್ಕೆ ನಿಜವಾಗಿ ಏಟು ಕೊಡುವ ಆಕ್ಷೇಪ ಬೇರೆಯದು. ನೀರು, ತಂಪು, ಖಾನಾವಳಿ ಇರುವ ಹಳೆ ಓಣಿಗಳು ಜಾತಿಗೊಂದರಂತೆ ಕಟ್ಟಿದವು. ಮನೆ ಕೇಳಲು ಹೋದರೆ ಸಂಬಳಕ್ಕಿಂತ ಮೊದಲು “ಯಾವ ಪೈಕಿ?” ಎಂಬ ಪ್ರಶ್ನೆ ಬರುತ್ತದೆ, ಮಾಂಸದ ಅಡುಗೆಯ ಮಾತು ಬರುತ್ತದೆ, ಲಗ್ನವಾಗದ ಹುಡುಗಿಯಾದರೆ ಯಾರು ಬಂದುಹೋಗುತ್ತಾರೆ ಎಂಬ ವಿಚಾರಣೆ. ದಲಿತ, ಮುಸ್ಲಿಂ ನೌಕರರಿಗೆ ಖಾಲಿ ಮನೆಯೂ ಒಮ್ಮೊಮ್ಮೆ ಖಾಲಿ ಇರುವುದಿಲ್ಲ. ಅಂಥವರು ಊರಹೊರಗಿನ ಲೇಔಟಿಗೆ ಹೋಗುವುದು ಟೈಲ್ಸ್ ನೋಡಿ ಅಲ್ಲ, ಅಲ್ಲಿ ಪ್ರಶ್ನೆ ಕಡಿಮೆ ಎಂದು. ಅವರಿಗೆ ಮೇ ತಿಂಗಳ ಪಾಠ ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಸೆಕೆಗಿಂತ ಅವಮಾನ ಹೆಚ್ಚು ಸುಡುತ್ತದೆ. ಹೇಳಬಹುದಾದದ್ದು ಇಷ್ಟು: ಹೊರವಲಯದಲ್ಲೂ ಎಲ್ಲ ಲೇಔಟೂ ಒಂದೇ ಅಲ್ಲ. ನಗರಸಭೆಗೆ ಹಸ್ತಾಂತರವಾದದ್ದು, ಅರ್ಧಕ್ಕಿಂತ ಹೆಚ್ಚು ಮನೆ ಎದ್ದು ಜನ ತುಂಬಿದ್ದು, ಮಾಲೀಕರು ತಾವೂ ನೌಕರಿಯವರಾಗಿರುವುದು ಸಿಗುತ್ತದೆ. ಹುಡುಕಲು ವಾರ ಹೆಚ್ಚು ಬೇಕು, ಅಲ್ಲಿಯವರೆಗೆ ಲಾಡ್ಜಿನ ಬಾಡಿಗೆ ದಂಡ. ಆ ದಂಡ ಕೆಲವರಿಗೆ ಮಾತ್ರ ಯಾಕೆ ಎಂದು ಕೇಳಿದರೆ ಅದಕ್ಕೆ ಮನೆ ಹುಡುಕುವವರು ಉತ್ತರ ಕೊಡಬೇಕಾಗಿಲ್ಲ, ಮನೆ ಕೊಡುವವರು ಕೊಡಬೇಕು.

ಆರ್ಡರ್ ಕೈಗೆ ಬರುವುದೇ ಜೂನ್‌ನಲ್ಲಿ, ಮೇ ತಿಂಗಳನ್ನು ನೋಡುವುದು ಹೇಗೆ ಎನ್ನಬಹುದು. ಅದು ಗುರುತು ಬಿಟ್ಟುಹೋಗಿರುತ್ತದೆ. ಬಚ್ಚಲಿನ ನಳದ ಬಾಯಿಗೆ ಬಿಳಿ ಉಪ್ಪು ಕಟ್ಟಿದ್ದರೆ ಆ ಮನೆಗೆ ಬೋರ್ ನೀರೇ ಗತಿ. ಅಂಗಳದಲ್ಲಿ ನೀಲಿ ಡ್ರಮ್ಮುಗಳ ಸಾಲು, ಗೇಟಿನ ಪಕ್ಕ ಗೋಡೆ ಮೇಲೆ ಟ್ಯಾಂಕರಿನವರ ಫೋನ್ ನಂಬರ್, ಬೀದಿ ನಳಕ್ಕೆ ಮನೆಮನೆಯಿಂದ ಮೋಟಾರಿನ ಪೈಪು ಇದ್ದರೆ ಇನ್ನೇನೂ ಕೇಳಬೇಕಾಗಿಲ್ಲ. ಪಶ್ಚಿಮದ ಗೋಡೆಗೆ ಕಿಟಕಿ ಇದ್ದು ಅದಕ್ಕೆ ಒಳಗಿನಿಂದ ರಟ್ಟು ಹೊಡೆದಿದ್ದರೆ ಹಿಂದಿನ ಬಾಡಿಗೆದಾರರು ಏನು ಪಟ್ಟಿದ್ದಾರೆಂದು ತಿಳಿಯುತ್ತದೆ. ಮಾಲೀಕರನ್ನು ಕೇಳಿದರೆ “ನೀರಿಂದೇನ್ ಚಿಂತಿಲ್ರೀ” ಎನ್ನುತ್ತಾರೆ. ಕೇಳಬೇಕಾದದ್ದು ಪಕ್ಕದ ಮನೆಯವರನ್ನು: “ಯಕ್ಕಾ, ಏಪ್ರಿಲ್‌ದಾಗ ನಳ ಎಷ್ಟು ದಿನಕ್ಕೊಮ್ಮಿ ಬರ್ತಾವ್ರೀ?” ಅವರು ದಿನದ ಲೆಕ್ಕ ಹೇಳಿದ ಮೇಲೆ ಯಾವ ಹೊತ್ತಿಗೆ ಎಂದೂ ಕೇಳಬೇಕು. ಬೆಳಿಗ್ಗೆ ಹತ್ತಕ್ಕೆ ನೀರು ಬಿಡುವ ಓಣಿ ಒಬ್ಬರೇ ಇರುವ ನೌಕರರಿಗೆ ಆಗುವುದಿಲ್ಲ, ಕೊಡ ಹಿಡಿಯಲು ಮನೆಯಲ್ಲಿ ಯಾರಿರುತ್ತಾರೆ? ಸಂಪಿಗೆ ನೇರ ಕನೆಕ್ಷನ್ ಇದ್ದರೆ ಮಾತು ಬೇರೆ, ಆಗ ಸಂಪಿನ ಮುಚ್ಚಳ ಎತ್ತಿಸಿ ನೋಡಿ. ಅಡ್ವಾನ್ಸಿನ ಮಾತು ಅದಾದ ಮೇಲೆ.