ಸಣ್ಣ ಟ್ರ್ಯಾಕ್ಟರಿಗೆ ಟ್ರೇಲರು ಹೂಡುವಾಗ

ಸಣ್ಣ ಹಿಡುವಳಿದಾರರಲ್ಲಿ ಹಲವರು 20ರಿಂದ 30 ಅಶ್ವಶಕ್ತಿಯ ಟ್ರ್ಯಾಕ್ಟರುಗಳನ್ನು ಬಳಸುತ್ತಿದ್ದಾರೆ. ಉಳುಮೆ ಮುಗಿದ ಮೇಲೆ ಇದಕ್ಕೇ ಎರಡು ಚಕ್ರದ ಟ್ರೇಲರು ಹೂಡಿ ಗೊಬ್ಬರ, ಧಾನ್ಯ, ಮೇವು ಸಾಗಿಸುವುದು ವಾಡಿಕೆ. ಆದರೆ ಹೊರೆಯನ್ನು ಎಳೆಯುವ ಶಕ್ತಿ ಇದ್ದ ಮಾತ್ರಕ್ಕೆ ಅದನ್ನು ತಡೆದು ನಿಲ್ಲಿಸುವ ಶಕ್ತಿಯೂ ಇದೆಯೆಂದು ತಿಳಿಯಬಾರದು.

ಹೊರೆಯ ಲೆಕ್ಕ

ಖಾಲಿ ಟ್ರೇಲರಿನ ತೂಕ 500 ಕಿಲೋ ಎಂದಿಟ್ಟುಕೊಳ್ಳಿ. 75 ಕಿಲೋ ತೂಕದ 20 ಚೀಲ ಭತ್ತ ಹೇರಿದರೆ ಒಟ್ಟು 2,000 ಕಿಲೋ ಆಗುತ್ತದೆ. 10 ಅಡಿಗೆ 1 ಅಡಿ ಇಳಿಯುವ ರಸ್ತೆಯಲ್ಲಿ ಇದರ ಹತ್ತನೆಯ ಒಂದು ಪಾಲು, ಅಂದರೆ ಸುಮಾರು 200 ಕಿಲೋ ಬಲ, ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತಲೇ ಇರುತ್ತದೆ. ಟ್ರೇಲರಿಗೆ ಸ್ವಂತ ಬ್ರೇಕು ಇಲ್ಲದಿದ್ದರೆ ಈ ಭಾರವನ್ನೆಲ್ಲ ಟ್ರ್ಯಾಕ್ಟರಿನ ಬ್ರೇಕೇ ತಡೆಯಬೇಕು. ವೇಗ ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಹೇಳಿರುವ ಮಿತಿಯನ್ನು ಮೀರಿ ಹೇರಬೇಡಿ.

ಮುಂಭಾರ, ಹಿಂಭಾರ

ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ; ಮುಂಭಾರ ಹೆಚ್ಚಾದರೆ ಎತ್ತುಗಳ ಹೆಗಲು ನೋಯುತ್ತದೆ. ಟ್ರೇಲರಿನಲ್ಲಿಯೂ ಹಾಗೆಯೇ. ಹಿಂಭಾರವಾದರೆ ಕೊಂಡಿ ಮೇಲಕ್ಕೆ ಜಗ್ಗಿ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳ ಹಿಡಿತ ತಪ್ಪುತ್ತದೆ. ಏರಿನಲ್ಲಿ ಚಕ್ರ ಜಾರುತ್ತದೆ, ಇಳಿಜಾರಿನಲ್ಲಿ ಬ್ರೇಕು ಹಿಡಿದರೂ ಗಾಡಿ ನಿಲ್ಲುವುದಿಲ್ಲ. ಮುಂಭಾರ ಅತಿಯಾದರೆ ಮುಂದಿನ ಚಕ್ರಗಳು ಹಗುರಾಗಿ ಸ್ಟೇರಿಂಗು ಮಾತು ಕೇಳುವುದಿಲ್ಲ. ಭಾರವಾದ ಚೀಲಗಳನ್ನು ತಳದಲ್ಲಿ, ಅಚ್ಚಿನಿಂದ ತುಸು ಮುಂದಕ್ಕೆ ಜೋಡಿಸಿ. ಹಗುರವಾದುದನ್ನು ಮೇಲೆ ಹಾಕಿ ಹಗ್ಗದಿಂದ ಬಿಗಿಯಿರಿ. ಇಳಿಸುವಾಗ ಹಿಂದಿನ ಚೀಲಗಳನ್ನು ಮೊದಲು ಇಳಿಸಿ.

ಕೊಂಡಿ ಹಾಕುವ ಜಾಗ

ಟ್ರೇಲರನ್ನು ಅದಕ್ಕೆಂದೇ ಇರುವ ತಗ್ಗಿನ ಕೊಂಡಿಗೆ ಮಾತ್ರ ಜೋಡಿಸಬೇಕು. ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿ ಎಳೆದರೆ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು ಹಿಂದಕ್ಕೆ ಮಗುಚಬಹುದು. ಇದು ಕ್ಷಣಾರ್ಧದಲ್ಲಿ ನಡೆಯುವುದರಿಂದ ಚಾಲಕನಿಗೆ ಇಳಿಯಲು ಸಮಯವಿರುವುದಿಲ್ಲ. ಪಿನ್ನು ಹಾಕಿದ ಮೇಲೆ ಅದು ಜಿಗಿದು ಬಾರದಂತೆ ಕ್ಲಿಪ್ಪು ಹಾಕಿ, ಜೊತೆಗೆ ಗಟ್ಟಿಯಾದ ಸರಪಳಿಯನ್ನೂ ಕಟ್ಟಿ.

ರಸ್ತೆಯಲ್ಲಿ ಗಮನಿಸಬೇಕಾದ ಅಂಶಗಳು

1. ಹೊಲದಲ್ಲಿ ತಿರುಗಿಸಲು ಬಿಡಿಯಾಗಿ ಒತ್ತುವ ಎರಡು ಬ್ರೇಕು ಪೆಡಲುಗಳನ್ನು ರಸ್ತೆಗೆ ಬರುವ ಮೊದಲು ಒಂದುಗೂಡಿಸಿ. ಒಂದೇ ಕಡೆ ಬ್ರೇಕು ಬಿದ್ದರೆ ಗಾಡಿ ಪಲ್ಟಿಯಾಗುವ ಅಪಾಯವಿದೆ.

2. ಇಳಿಜಾರಿಗೆ ಮುಂಚೆಯೇ ತಗ್ಗಿನ ಗೇರು ಹಾಕಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವುದಾಗಲಿ, ಕ್ಲಚ್ಚು ಒತ್ತಿ ಹಿಡಿಯುವುದಾಗಲಿ ಸಲ್ಲದು. ಎಂಜಿನ್ನಿನ ತಡೆ ಪೂರ್ತಿ ತಪ್ಪಿಹೋಗುತ್ತದೆ.

3. ತಿರುವಿನಲ್ಲಿ ಜೋರಾಗಿ ಬ್ರೇಕು ಹಾಕಬೇಡಿ. ಟ್ರೇಲರು ಟ್ರ್ಯಾಕ್ಟರನ್ನು ಅಡ್ಡಕ್ಕೆ ನೂಕುತ್ತದೆ.

4. ಹಿಂದಕ್ಕೆ ಬರುವಾಗ ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗನ್ನು ಮೊದಲು ಬಲಕ್ಕೆ ತಿರುಗಿಸಿ.

5. ಟ್ರೇಲರಿನ ಹಿಂದೆ ಕೆಂಪು ದೀಪ, ಹೊಳೆಯುವ ಕೆಂಪು ಪಟ್ಟಿ ಇರಲಿ. ದೂಳು, ಕೆಸರು ಮೆತ್ತಿದ್ದರೆ ಒರೆಸಿ.

6. ಹೊರೆಯ ಮೇಲೆ, ಮಡ್‌ಗಾರ್ಡಿನ ಮೇಲೆ, ಕೊಂಡಿಯ ಮೇಲೆ ಯಾರನ್ನೂ ಕೂರಿಸಬೇಡಿ, ಮಕ್ಕಳನ್ನಂತೂ ಕೂಡದೇ ಕೂಡದು.

ಒಂದು ಸಲಕ್ಕೆ ಸಾಗಿಸುವುದನ್ನು ಎರಡು ಸಲ ಸಾಗಿಸಿದರೆ ಖರ್ಚಾಗುವುದು ಕೆಲವು ಲೀಟರು ಡೀಸೆಲ್, ಅರ್ಧ ದಿನದ ಹೊತ್ತು. ಮಗುಚಿದ ಟ್ರ್ಯಾಕ್ಟರಿನಡಿ ಹೋಗುವ ಜೀವಕ್ಕೆ ಬೆಲೆ ಕಟ್ಟಲಾಗದು. ರೈತ ಬಾಂಧವರು ಇದನ್ನು ಮನಗಂಡು, ಚಾಲಕರಿಗೂ ತಿಳಿಸಿ ಹೇಳಬೇಕು.