ಪಟ್ಟಿ ದೋಣಿಯ ಸಂದು ಎಲ್ಲಿ ಬಿಡುತ್ತದೆ?



ಹೊಳೆಯ ಆಚೆ ದಡದಲ್ಲಿ ಅಥವಾ ಕುದುರುವಿನಲ್ಲಿ ಜಮೀನುಳ್ಳವರಿಗೆ ದೋಣಿಯೇ ಗಾಡಿ. ಆದರೆ ಉದ್ದನೆಯ ಹೆಬ್ಬಲಸಿನ ಹಲಗೆಯ ಬೆಲೆ ಕೇಳಿದವರು ಬರಿಗೈಲಿ ಹಿಂದಿರುಗುವುದೇ ಹೆಚ್ಚು. ಅಮೆರಿಕ, ಕೆನಡಾಗಳ ಸರೋವರ ಪ್ರದೇಶದ ಜನರು ಮನೆಯಂಗಳದಲ್ಲೇ ಸಣ್ಣ ದೋಣಿಗಳನ್ನು ಬೇರೊಂದು ಬಗೆಯಲ್ಲಿ ಕಟ್ಟಿಕೊಳ್ಳುತ್ತಾರೆ. ಕಾಲು ಅಂಗುಲ ದಪ್ಪ, ಮುಕ್ಕಾಲು ಅಂಗುಲ ಅಗಲದ ಹಗುರ ಮರದ ಪಟ್ಟಿಗಳನ್ನು ಅಚ್ಚುಗಳ ಮೇಲೆ ಒಂದರ ಪಕ್ಕಕ್ಕೊಂದು ಅಂಟಿಸುತ್ತಾರೆ. ಬಳಿಕ ಒಳಗೂ ಹೊರಗೂ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿ ಅಂಟಿನಿಂದ ಹೊದಿಸುತ್ತಾರೆ. ಇದಕ್ಕೆ ಗಿಡ್ಡ ಮರವೂ ಆಗುತ್ತದೆ. ಆದರೆ 14 ಅಡಿ ದೋಣಿಗೆ 8 ಅಡಿ ಪಟ್ಟಿ ಬಳಸಿದರೆ ನಡುವೆ ಸಂದು ಬಂದೇ ಬರುತ್ತದೆ.

ನಾನೂ ಒಂದು ದೋಣಿ ಕಟ್ಟಿದೆ. ಪಟ್ಟಿಗಳನ್ನು ನೇರವಾಗಿ ಕತ್ತರಿಸಿ ತುದಿಗೆ ತುದಿ ಅಂಟಿಸಿದೆ. ಕೆಲಸ ಸುಲಭವೆಂದು ಸಂದುಗಳನ್ನೆಲ್ಲ ಒಂದೇ ಅಚ್ಚಿನ ಮೇಲೆ ತಂದೆ. ಹಣ ಉಳಿಸಲು ಒಳಗಿನ ಬಟ್ಟೆಯನ್ನೂ ಬಿಟ್ಟೆ. ಎರಡು ಮೂಟೆ ಹಿಂಡಿ ಹೇರಿಕೊಂಡು ಹೋಗುವಾಗ ತಳ ಒಂದು ಬಂಡೆಗೆ ತಾಗಿತು, ಸಂದುಗಳು ಗೆರೆ ಎಳೆದಂತೆ ಸಾಲಾಗಿ ಬಾಯಿಬಿಟ್ಟವು. ನೀರು ಮೊಣಕಾಲಿನಷ್ಟಿತ್ತು. ಆಷಾಢದ ಹೊಳೆಯಾಗಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ತಪ್ಪು ಅಂಟಿನದಲ್ಲ. ನೀವು ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೆನೆಯಿರಿ. ಹಳೆಯ ನಾರು ಮುಗಿಯುವ ಮೊದಲೇ ಹೊಸ ನಾರನ್ನು ಅದರ ಮೇಲೆ ಮಲಗಿಸುತ್ತೀರಿ. ತುದಿಗೆ ತುದಿ ತಾಗಿಸುವುದಿಲ್ಲ. ಎಲ್ಲ ಎಳೆಗಳೂ ಒಂದೇ ಕಡೆ ಮುಗಿಯದಂತೆಯೂ ನೋಡಿಕೊಳ್ಳುತ್ತೀರಿ. ಮರವೂ ನಾರಿನ ಕಟ್ಟೇ. ಅಡ್ಡ ಕೊಯ್ದ ತುದಿಯಲ್ಲಿ ಸಣ್ಣ ಕೊಳವೆಗಳು ತೆರೆದಿರುತ್ತವೆ, ಅವು ಅಂಟನ್ನು ಹೀರಿ ಸಂದನ್ನು ಒಣಗಿಸಿಬಿಡುತ್ತವೆ. ಪಕ್ಕಕ್ಕೆ ಪಕ್ಕ ಅಂಟಿಸಿದ ಸಂದು ಮಾತ್ರ ಮರಕ್ಕಿಂತ ಕಡಿಮೆಯಾಗುವುದಿಲ್ಲ. ಆದ್ದರಿಂದ ತುದಿಯನ್ನೂ ಆದಷ್ಟು ಪಕ್ಕವನ್ನಾಗಿ ಮಾಡಬೇಕು, ಅಂದರೆ ಓರೆಯಾಗಿ ಕೊಯ್ಯಬೇಕು. ದಪ್ಪದ ಎಂಟು ಪಾಲು ಉದ್ದದ ಓರೆ ಇರಲಿ: ಕಾಲು ಅಂಗುಲದ ಪಟ್ಟಿಗೆ 2 ಅಂಗುಲ. ಹನ್ನೆರಡು ಪಾಲು, ಅಂದರೆ 3 ಅಂಗುಲ ಕೊಟ್ಟರೆ ಇನ್ನೂ ಒಳ್ಳೆಯದು. ಅಕ್ಕಪಕ್ಕದ ಪಟ್ಟಿಗಳ ಸಂದುಗಳ ನಡುವೆ 2 ಅಡಿಯಾದರೂ ಅಂತರವಿರಬೇಕು. ಪಟ್ಟಿ ಹೆಚ್ಚು ಬಾಗುವ ಕಡೆ ಸಂದು ಬೇಡವೇ ಬೇಡ.

ಒಳಗಿನ ಬಟ್ಟೆಯ ಮಾತು. ಬಂಡೆ ಹೊರಗಿನಿಂದ ಒತ್ತಿದಾಗ ಹಲಗೆ ಒಳಕ್ಕೆ ಬಾಗುತ್ತದೆ. ಆಗ ಹಿಗ್ಗುವುದು ಒಳಮೈ. ಆ ಎಳೆತವನ್ನು ತಡೆಯುವುದು ಒಳಗಿನ ಗಾಜಿನ ಬಟ್ಟೆಯೇ. ಹೊರಗೆ ಎಷ್ಟು ದಪ್ಪ ಬಳಿದರೂ ಅದರ ಕೆಲಸ ಇದು ಮಾಡಲಾರದು.

ಮರ ಚೆನ್ನಾಗಿ ಒಣಗಿರಲಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ತೇಗದಲ್ಲಿ ಎಣ್ಣೆಯಂಶವಿರುವುದರಿಂದ ಅಂಟಿಸುವ ಮುನ್ನ ಅಸಿಟೋನಿನಿಂದ ಒರೆಸಬೇಕು. ಮೊದಲು ಓರೆಗಳೆರಡಕ್ಕೂ ತೆಳು ಅಂಟು ಸವರಿ, ಮರ ಹೀರಿಕೊಳ್ಳಲು ಬಿಡಿ. ಆಮೇಲೆ ನಯವಾದ ಮರದ ಹುಡಿ ಬೆರೆಸಿ ಗಟ್ಟಿ ಮಾಡಿದ ಅಂಟು ಹಚ್ಚಿ ಜೋಡಿಸಿ. ಹಿಡಿಕೆಯನ್ನು ಬಲವಾಗಿ ಬಿಗಿಯಬೇಡಿ, ಅಂಟೆಲ್ಲ ಹೊರಕ್ಕೆ ಹರಿದುಹೋಗುತ್ತದೆ. ಗಟ್ಟಿಕಾರಕವನ್ನು ಡಬ್ಬಿಯಲ್ಲಿ ಹೇಳಿದ ಅಳತೆಗಿಂತ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಮೆತ್ತಗೇ ಉಳಿಯುತ್ತದೆ. (ಯೂರಿಯಾ ವಿಷಯದಲ್ಲೂ ನಾನು ಇದನ್ನೇ ಹೇಳಿ ಸೋತಿದ್ದೇನೆ.) ಕೈಗವಸು ಹಾಕಿಕೊಳ್ಳಿ, ಈ ಅಂಟಿನಿಂದ ಕೆಲವರಿಗೆ ಚರ್ಮ ಕೆರೆಯುತ್ತದೆ.

ದೋಣಿಗೆ ಮುಂಚೆ ಎರಡು ತುಂಡು ಪಟ್ಟಿ ಜೋಡಿಸಿ ಒಂದು ವಾರ ಬಿಡಿ. ಬಳಿಕ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಎರಡು ಇಟ್ಟಿಗೆಗಳ ಮೇಲಿಟ್ಟು ಸಂದಿನ ಮೇಲೆ ಒತ್ತಿ ಮುರಿಯಿರಿ. ಮುರಿದಲ್ಲಿ ಮರದ ನಾರು ಕಿತ್ತು ಬಂದಿದ್ದರೆ ಸಂದು ಸರಿಯಾಗಿದೆ. ಅಂಟಿನ ಮೈ ನುಣುಪಾಗಿ ಹೊಳೆಯುತ್ತಿದ್ದರೆ ಕೆಟ್ಟಿದೆ. ಮುರಿದ ತುಂಡನ್ನು ಒಲೆಗೆ ಹಾಕದೆ ಇಟ್ಟಿರಿ, ನಾನು ನಿಮ್ಮೂರಿಗೆ ಬಂದಾಗ ಜೊತೆಗೆ ಕುಳಿತು ನೋಡೋಣ.

— ಗ್ರಾಮಸೇವಕ